ಗುರುವಾರದ ಹನ್ನೊಂದು ನಿಮಿಷ

ಮೊದಮೊದಲು ಅದರ ಮುಖ ಕಂಡರಾಗುತ್ತಿರಲಿಲ್ಲ ನನಗೆ.
ನಾನು ಅರ್ಧ ಸಾಲು ಬರೆಯುವಷ್ಟರಲ್ಲಿ
ಉಳಿದರ್ಧವನ್ನು ಬೂದು ಅಕ್ಷರದಲ್ಲಿ ಪಿಸುಗುಟ್ಟುತ್ತಿತ್ತು,
ಮಾತಿನ ನಡುವೆ ಬಾಯಿ ಹಾಕುವ ಓರಗಿತ್ತಿಯ ಹಾಗೆ,
ಅದೂ ತಪ್ಪುತಪ್ಪಾಗಿ.
ಎಸ್ಕೇಪ್ ಕುಟ್ಟಿ ಕುಟ್ಟಿ
ಕೀಲಿಯ ಮೇಲಿನ ಅಕ್ಷರವೇ ಸವೆಯಿತು.

ವಿರ್ತ್ಸು ಬಂದರು. ಮಾರ್ಚ್ ತಿಂಗಳು.
ಕಿಟಕಿಯಾಚೆ ಹಡಗು ಮಂಜುಗಡ್ಡೆ ಜಗಿಯುವ ಸದ್ದು.
ಮುಹು ದ್ವೀಪದ ಹಡಗುಗಳ ವೇಳಾಪಟ್ಟಿ
ಇಪ್ಪತ್ತೆರಡು ವರ್ಷದಿಂದ ನಮ್ಮ ಕೈಯಲ್ಲಿ,
ನನ್ನ ಮತ್ತು ವೆಲ್ಲೋನ ಕೈಯಲ್ಲಿ.
ಈಗ ನನ್ನೊಬ್ಬಳದರಲ್ಲಿ.

ಒಂದು ಇಳಿಹೊತ್ತು, ಕತ್ತು ಹಿಡಿದುಕೊಂಡಿತ್ತು,
ಸೋಮಾರಿತನಕ್ಕೆ ಟ್ಯಾಬ್ ಒತ್ತಿದೆ.
ಸರಿಯಾಗಿತ್ತು.
ಇನ್ನೊಮ್ಮೆ ಒತ್ತಿದೆ.
ಹಿಮ ಕರಗುವಷ್ಟರಲ್ಲಿ
ಸಣ್ಣದೊಂದು ಲೂಪ್ ಬರೆಯ ಕೂತರೂ
ಕಿರುಬೆರಳು ಟ್ಯಾಬಿನ ಮೇಲೆ ಹೋಗಿ ಕಾಯತೊಡಗಿತು,
ಊಟದ ಹೊತ್ತಿಗೆ ಬಾಗಿಲಲ್ಲಿ ನಿಲ್ಲುವ ನಾಯಿಯಂತೆ.

ಈಗಂತೂ ಕಡತಗಳನ್ನೆಲ್ಲ ಅದೇ ತೆರೆಯುತ್ತದೆ.
ನಾನು ಹೇಳುತ್ತೇನೆ, ಅದು ಮಾಡುತ್ತದೆ,
ನಾನು ಓದುತ್ತೇನೆ.
ಕೆಲವೊಮ್ಮೆ ಓದಿದ ಹಾಗೆ ಮಾಡುತ್ತೇನೆ, ಸುಳ್ಳೇಕೆ.
ನಿನ್ನೆ ನಲವತ್ತು ಕಡತ ಗುಡಿಸಿ ಒರೆಸಿ
ಕೊನೆಗೆ ವಿನಯದಿಂದ ಕೇಳಿತು:
ಈ ಸಾಲಿಗೆ ಕಾರಣ ಕಾಣುತ್ತಿಲ್ಲ, ತೆಗೆಯಲೇ?

ಗುರುವಾರವಾದರೆ, ಕೊನೆಯ ಹಡಗಾದರೆ,
ಹನ್ನೊಂದು ನಿಮಿಷ ಕೂಡಿಸು.
ವೆಲ್ಲೋ ಬರೆದದ್ದು. ಟಿಪ್ಪಣಿ ಇಲ್ಲ.
ಅವನೆಲ್ಲಿಯ ಟಿಪ್ಪಣಿ,
ಹೆಂಡತಿಗೊಂದು ಚೀಟಿ ಬರೆದಿಟ್ಟು ಹೋದವನಲ್ಲ.

ನನಗೂ ಗೊತ್ತಿರಲಿಲ್ಲ.
ಕೆಳಗೆ ಹೋಗಿ ಟಿಕೆಟ್ ಕಿಂಡಿಯ ಹೆಲ್ವೆಯನ್ನು ಕೇಳಿದೆ.
ಹೊಗೆಯಾಡಿಸಿದ ಮೀನು ಬಿಡಿಸುತ್ತ ಅಂದಳು:
ಪ್ಯಾರ್ನು ಆಸ್ಪತ್ರೆಯಿಂದ ಡಯಾಲಿಸಿಸ್ ಮುಗಿಸಿದವರ ಬಸ್ಸು
ಗುರುವಾರ ಸಂಜೆ ಬರುತ್ತಿತ್ತಲ್ಲ, ಅದಕ್ಕೆ.
ಆ ಬಸ್ಸು ನಿಂತು ಆರು ವರ್ಷವಾಯಿತು.

ಹಾಗಾದರೆ ತೆಗೆಯಬಹುದು, ಅಂದೆ.
ತೆಗೆದು ನೋಡು, ಅಂದಳು,
ಊರಿಗೆ ಊರೇ ಗುರುವಾರ ತಡವಾಗಿ ಬರಲು ಕಲಿತಿದೆ.

ಮೇಲೆ ಬಂದು, ಬೇಡ, ಎಂದೆ.
ಸರಿ, ಎಂದು ತಾನೇ ಟಿಪ್ಪಣಿ ಬರೆಯಿತು,
ನಾಲ್ಕು ಸಾಲು, ಇಸ್ತ್ರಿ ಹಾಕಿದಂಥವು,
'ಪ್ರಯಾಣಿಕರ ವರ್ತನೆಯ ಮಾದರಿ' ಅದು ಇದು.
ಅಳಿಸಿದೆ. ನಾನೇ ಬರೆದೆ:
ಬಸ್ಸು ಇಲ್ಲ. ಜನ ಇದ್ದಾರೆ. ಮುಟ್ಟಬೇಡ.

ಯಾರಿಗೆ ಬರೆದೆನೋ.
ಇಷ್ಟು ವರ್ಷದಲ್ಲಿ ನನ್ನ ಟಿಪ್ಪಣಿಗಳನ್ನು
ಕುಳಿತು ಓದುವವರೊಬ್ಬರು ಸಿಕ್ಕಿದ್ದು ಇದೇ ಮೊದಲು,
ಅದಕ್ಕೋ ನಾಳೆ ಬೆಳಗಾದರೆ ನಾನು ಯಾರೆಂಬುದೂ ನೆನಪಿರದು.

ಅರ್ಥವಾಯಿತು, ಎಂದಿತು, ಕಣ್ಣು ಮಿಟುಕಿಸುವಷ್ಟರಲ್ಲಿ.
ವೆಲ್ಲೋ ಆಗಿದ್ದರೆ
ಕಾಫಿ ಆರುವವರೆಗೂ ಜಗಳವಾಡುತ್ತಿದ್ದ.