ಕುಡಿಯೂ ಅರಿವಿ

ಜಮಖಂಡಿ ದವಾಖಾನಿಯಿಂದ ಕೂಸಿನ ಸಂಗಾಟ
ಒಂದು ಪ್ಯಾಕೆಟ್ಟೂ ಬಂತು ಬನಹಟ್ಟಿಗೆ.
ಹತ್ತು ಡೈಪರು. ಮ್ಯಾಲ ಯಾರದೋ ಕೂಸು,
ಹುಟ್ಟಿದಾಗಿನಿಂದ ಅತ್ತೇ ಇಲ್ಲದಂಗ ನಗತಿತ್ತು.
ಎರಡನೇ ದಿನ ಹೊತ್ತು ಮುಳುಗೂದರಾಗ ಖಾಲಿ.

ನಾನು ಸೀರಿ ಲೆಕ್ಕದಾಗ ಎಣಿಸಿದೆ:
ಒಂದು ಸೀರಿ ಕೂಲಿಗೆ ಇಷ್ಟು ಉಚ್ಚಿ,
ದಡಿ ಸೀರಿ ಆದರ ಒಂದೆರಡು ಹೇಲೂ ಹಿಡೀತಾವ.
'ನಗಸಬ್ಯಾಡ್ರಿ' ಅಂದ್ಲು ಶೈಲಾ,
'ಹೊಲಿಗಿ ಜಗ್ಗತಾವ.'

ಬಾಜೂಮನಿ ಕಸ್ತೂರೆವ್ವ ಬಂದು
ಕೂಸಿನ ಕುಂಡಿ ಹೊಳ್ಳಿಸಿ ನೋಡಿದಳು. ಕೆಂಪು ಗುಳ್ಳಿ.
'ನೇಕಾರ ಮನ್ಯಾಗ ಅರಿವಿಗೆ
ಬರ ಬಿತ್ತೇನೋ ತಮ್ಮಾ?'

ನಾಲ್ಕು ಮಗ್ಗ ಅದಾವ ನನ್ನ ಮನ್ಯಾಗ.
ಗುಲಾಬಿ, ನವಿಲುಗರಿ, ಈರುಳ್ಳಿ ಸಿಪ್ಪಿ ಬಣ್ಣ,
ಹಗಲೂ ರಾತ್ರಿ ಸುರೀತಾವ ಸೀರಿ.
ಉಳಿದ ತುಂಡೊಂದು ತಗೊಂಡು
ಒಂದು ಚಮಚಾ ನೀರು ಹನಿಸಿದೆ.
ನೀರು ಕುಂತಿತು. ಗೋಲಿ ಹಂಗ ಹೊಳೀತು.
ಆಮ್ಯಾಲ ಜಾರಿ ನನ್ನ ಕಾಲ ಮ್ಯಾಲ ಬಿತ್ತು.
ಪಾಲಿಸ್ಟರ್.
ಹತ್ತೊಂಬತ್ತು ವರ್ಷ ನೇಯ್ದೀನಿ,
ನನ್ನ ಮಗಳ ಒಂದು ಉಚ್ಚಿ ಹಿಡಿಯೂವಷ್ಟು ಅರಿವಿ
ನೇಯ್ದಿಲ್ಲ.

ಪ್ಯಾಟಿಗೆ ಹೋಗಿ ಮಲ್ ಅರಿವಿ ತಂದೆ, ಮೂರು ಮೀಟರ್,
ಅಪ್ಪಟ ಹತ್ತಿ. ಅದೂ ಕುಡೀಲಿಲ್ಲ.
'ಹೊಸಾ ಅರಿವಿಗೆ ಸೊಕ್ಕಿರತೈತಿ' ಅಂದ್ಲು ಕಸ್ತೂರೆವ್ವ,
'ಹತ್ತು ಸಲ ಒಗಿ. ಸೊಕ್ಕಿಳಿದ ಮ್ಯಾಲ
ತಾನ ಕುಡಿಯೂದು ಕಲೀತೈತಿ.'
ಹತ್ತು ಸಲ!
ನಮ್ಮ ಓಣಿಗೆ ನಳ ಬರೂದು ಆರು ದಿನಕ್ಕೊಮ್ಮೆ,
ಅದೂ ಮಗ್ಗದ ಸಪ್ಪಳದಾಗ ಬಂದದ್ದು ಗೊತ್ತಾದರ.

ನೂಲಿನ ಚೀಲದ ಬುಡಕ, ಟ್ರಂಕಿನ ತಳದಾಗ
ಮುತ್ಯಾನ ದೋತರ ಸಿಕ್ಕಿತು.
ತಾನ ನೇಯ್ದು ತಾನ ಉಟ್ಟದ್ದು.
ಕುಣಿಮಗ್ಗದ ದಂಡಿಗೆ ಕುಂತು ಕುಂತು
ಕುಂಡಿ ತಾಗೂ ಜಾಗಾ ಎಷ್ಟು ಸವೆದಿತ್ತಂದರ
ಹಿಡಿದು ನೋಡಿದರ ಆಚೆ ಕಡೆ ಶೈಲಾ ಕಂಡಳು,
ಮೊಲಿ ಕುಡಸಕೋತ.

ಹನಿ ಹಾಕಿದೆ. ಇಲ್ಲ.
ಇನ್ನೊಂದು ಹಾಕಿದೆ. ಅದೂ ಇಲ್ಲ.
ಒಂದು ವಾಟಗಾ ನೀರು ಸುಮ್ಮನ ಕುಡಿದು
ಇನ್ನೂ ಐತೇನು ಅನ್ನೂವಂಗ ಬಿದ್ದಿತ್ತು.

ಹರದೆ. ಚರ್ ಅಂತ ಅನ್ನಲಿಲ್ಲ,
ಹಳೀ ಅರಿವಿ ಭಾಳ ಸಪ್ಪಳ ಮಾಡೂದಿಲ್ಲ.
ಹದಿನಾಲ್ಕು ತುಂಡಾತು.
ಸವೆದ ಜಾಗಾ ಬಿಸಾಕಾಕ ಹೋದರ
ಶೈಲಾ ಕೈಯಾಗಿಂದ ಕಸಗೊಂಡಳು:
'ಅದ ಎಲ್ಲಾಕ್ಕಿಂತ ಮೆತ್ತಗೈತಿ.
ಒರಸಾಕಿರಲಿ.'

ಒಗಿಯಾಂವ ನಾನ. ಆಕಿಗೆ ಬಗ್ಗಾಕ ಬರೂದಿಲ್ಲ.
ಹಿತ್ತಲ ಕಲ್ಲಿನ ಮ್ಯಾಲ ಕುಂತು ತಿಕ್ಕೂವಾಗ
ಈಶಪ್ಪ ಸೈಕಲ್ ನಿಲ್ಲಿಸಿದ:
'ಏನಲೇ, ನೂಲಿಗೆ ಬಣ್ಣಾ ಹಾಕತೀಯೇನು?'
'ಹೌದಪಾ' ಅಂದೆ, 'ಅರಿಷಿಣ. ಪಕ್ಕಾ ಬಣ್ಣ.
ಬಿಸಲಿಗೂ ಹೋಗವಲ್ದು.'
ಮೂಗು ಮುಚ್ಚಿ ನಗಕೋತ ಹೋದ.
ಮೊದಲನೇ ಬಾಂಡಿ ನೀರು ಪಾಯಖಾನಿಗೆ,
ಎರಡನೇದು ಕರಿಬೇವಿನ ಬುಡಕ್ಕ.
ಮೂರನೇದು ಚೆಲ್ಲಾಕ ಮನಸಾಗಲಿಲ್ಲ,
ಹಂಗ ಇಟ್ಟೆ, ನಾಳಿನ ಮೊದಲನೇದಕ್ಕ.

ದೊಡ್ಡ ಮಾತೇನಿಲ್ಲ ಇದರಾಗ.
ಮುಧೋಳಕ್ಕ ಬಸ್ಸಿನ್ಯಾಗ ಹೋದಾಗ
ಪ್ಯಾಕೆಟ್ಟಿಂದ ಒಂದು ಹಾಕೇ ಹೋಗಿದ್ವಿ.
ಮೊದಲಿನ ಹತ್ತು ಇನ್ನೂ ಗಟಾರದ ದಂಡಿಗೆ ಅದಾವ,
ನಾಯಿ ಹರದದ್ದು, ಉಬ್ಬಿದ್ದು.
ದಿನಾ ಅದನ್ನ ದಾಟಿ ಅಂಗಡಿಗೆ ಹೋಗತೀನಿ.

ಕೂಸು ಮಗ್ಗದ ಸಪ್ಪಳಕ್ಕ ಮಲಗತೈತಿ,
ಕರೆಂಟ್ ಹೋದರ ಎದ್ದ ಬಿಡತೈತಿ.
ನಿನ್ನೆ ಹೋತು, ನಡುರಾತ್ರ್ಯಾಗ.
ನಾಲ್ಕೂ ಮಗ್ಗ ಒಮ್ಮಿಗೇ ಬಾಯಿ ಮುಚ್ಚಿದವು,
ಆಕಿ ಒಬ್ಬಾಕಿ ತೆಗದಳು.
ಕತ್ತಲದಾಗ ಕೈಯಾಡಿಸಿದೆ.
ಮಲ್ ಯಾವುದು, ದೋತರ ಯಾವುದು,
ಬೆರಳಿಗೆ ಗೊತ್ತಾತು.
ಬಿಚ್ಚಿದೆ, ಒರಸಿದೆ, ಕಟ್ಟಿದೆ. ಗಂಟು ಸಡಲಾತು,
ಮತ್ತ ಕಟ್ಟಿದೆ.

ಹಗ್ಗದ ಮ್ಯಾಲಿಂದ ಟಪ್ ಟಪ್ ಅನ್ನೂದು ಕೇಳತಿತ್ತು.
ಹದಿನಾಲ್ಕರಾಗ ಒಂಬತ್ತು ಹಸಿ.
ನಾಳೆ ನಳ ಬರೂ ದಿನ.
ಬಂದರ.