ಗುಬ್ಬಿಯ ವಾಕ್ಯ

ಹಾಸನದಿಂದ ಬೇಲೂರು, ಬೇಲೂರಿಂದ ಹಕ್ಕಿಪಿಕ್ಕಿ ಕಾಲೊನಿ,
ಎಲ್ಲ ಸೇರಿ ಒಂದೂವರೆ ಗಂಟೆ.
ಅಷ್ಟಕ್ಕೇ ನಮ್ಮನ್ನು ಸಭೆಯ ಮುಂದೆ ನಿಲ್ಲಿಸಿ
ತಲೆಯ ಮೇಲೆ ಕೈಯಿಟ್ಟು ಕಳುಹಿಸಿದ್ದರು
ಸಮುದ್ರ ದಾಟುವವರ ಹಾಗೆ.
ಹತ್ತು ದಿನ. ಆರು ಜನ.
ಒಂದು ಗಿಟಾರು, ಎರಡು ಮೂಟೆ ಹಳೆ ಸ್ವೆಟರು, ಸೊಳ್ಳೆಬತ್ತಿ,
ಮತ್ತು ನಾನು,
ಆರ್.ಸಿ. ರಸ್ತೆಯ ಡಿಟಿಪಿ ಅಂಗಡಿಯವಳು,
ಲಗ್ನಪತ್ರಿಕೆ, ವೈಕುಂಠ ಸಮಾರಾಧನೆ ಟೈಪಿಸಿ
ಬೆರಳು ಸವೆಸಿದವಳು.

ದಿವಾನ ನಮಗಾಗಿ ರಸ್ತೆಯಲ್ಲೇ ಕಾದಿದ್ದ.
ಇಪ್ಪತ್ತೇಳು ವರ್ಷ. ಕೂದಲೆಣ್ಣೆ ಮಾರಲು
ಮೂರು ಸಲ ಆಫ್ರಿಕಾಕ್ಕೆ ಹೋಗಿ ಬಂದವನು.
ಪಾಸ್‌ಪೋರ್ಟ್ ತೋರಿಸಿದ.
ನಮ್ಮ ಆರು ಜನರಲ್ಲಿ ಒಬ್ಬರ ಬಳಿಯೂ ಅದಿರಲಿಲ್ಲ.

ಐದು ವರ್ಷದಿಂದ ಒಬ್ಬನೇ ಕೂತು
ನೂರು ಪುಟದ ನೋಟುಬುಕ್ಕುಗಳಲ್ಲಿ
ತಾಯಿಯ ಮಾತನ್ನು ಕನ್ನಡದ ಅಕ್ಷರಕ್ಕೆ ಕೂರಿಸುತ್ತ
ಮತ್ತಾಯನ ಹತ್ತನೆಯ ಅಧ್ಯಾಯಕ್ಕೆ ಬಂದಿದ್ದ.
‘ಕೆಲವು ಸದ್ದು ನಿಮ್ಮಲ್ಲಿಲ್ಲ,
ಅಕ್ಷರದ ಕೆಳಗೊಂದು ಚುಕ್ಕೆ ಇಡಕ್ಕ’ ಅಂದ.
ಆ ಚುಕ್ಕೆ ಕೀಬೋರ್ಡಿನಲ್ಲಿ ಎಲ್ಲಿದೆಯೆಂದು ಹುಡುಕುವುದರಲ್ಲೇ
ನನ್ನ ಮೊದಲ ಎರಡು ದಿನ ಹೋದವು.
ಮೂರನೆಯ ದಿನ ಗಿಟಾರಿನ ಜಾಯ್ಸನ್‌ಗೆ ಭೇದಿ;
ನೀರು ಕಾಯಿಸಿ ಕೊಟ್ಟು, ಏನೋ ಬೇರು ಅರೆದು ಕುಡಿಸಿ
ಆ ಮನೆಯವರೇ ನಮ್ಮ ಸೇವೆ ಮಾಡಿದರು.

ಆರನೆಯ ಮಧ್ಯಾಹ್ನ ಅಂಗನವಾಡಿ ಜಗಲಿಯಲ್ಲಿ
ಓದಿ ಕೇಳಿಸುವ ಪರೀಕ್ಷೆ.
ನಿಯಮ ಇಷ್ಟೆ: ಪ್ರಶ್ನೆ ಕೇಳಬೇಕು, ಉತ್ತರದ ಸುಳಿವು ಕೊಡಬಾರದು.
ದಿವಾನ ಓದಿದ,
ಎರಡು ಗುಬ್ಬಿ, ಒಂದು ಕಾಸು, ನೆಲಕ್ಕೆ ಬೀಳುವುದು.
ಎಷ್ಟೋ ಹೊತ್ತು ಯಾರೂ ಉಸಿರೆತ್ತಲಿಲ್ಲ.
ಆಮೇಲೆ ಎಲ್ಲರೂ ಒಟ್ಟಿಗೆ:
ಜೀವ ಇತ್ತೋ, ಕುತ್ತಿಗೆ ತಿರುಚಿದ್ದೋ?
ಕಾಸಿಗೆ ಎರಡಾ? ಮಾರಿದವನು ಎಳಸು.
ಫಾರೆಸ್ಟಿನವರು ಹಿಡಿಯಲಿಲ್ಲವಾ?

ಜಗಲಿಯೆಲ್ಲ ನಗು.
ಕರುಣಾಕರಣ್ಣನೂ ನಕ್ಕರು, ಸ್ವಲ್ಪ ತಡವಾಗಿ.
ನಂತರ ಫೈಲು ನೋಡಿ ಕೇಳಿದರು:
‘ಗುಬ್ಬಿ ಬಿದ್ದದ್ದು ಯಾರಿಗೆ ಗೊತ್ತು?’

ಪ್ಲಾಸ್ಟಿಕ್ ಹೂವಿಗೆ ತಂತಿ ಸುತ್ತುತ್ತಿದ್ದ ಕೊಲಂಬಿಬಾಯಿ
ತಲೆ ಎತ್ತದೆ ಹೇಳಿದಳು,
‘ಬಲೆ ಹಾಕಿದವನಿಗೆ.’

ತಂತಿ ಸುತ್ತುತ್ತಲೇ ಇದ್ದಳು.
ಬಲೆಯೊಳಗೆ ಕೈ ಹಾಕಿದರೆ
ಯಾವುದರ ಎದೆ ಹೊಡೆದುಕೊಳ್ಳುತ್ತಿದೆ, ಯಾವುದರದು ನಿಂತಿದೆ,
ಕಣ್ಣಿಗಿಂತ ಮೊದಲು ಕೈಗೆ ಗೊತ್ತಾಗುತ್ತದಂತೆ.
ಅವಳ ಗಂಡ ಬಿದಿರ ಕೋಲಿನ ಮೇಲೆ ಗೀರು ಹಾಕುತ್ತಿದ್ದನಂತೆ.
ಮಾರಿದ್ದಕ್ಕಲ್ಲ.
ಸತ್ತುಬಿದ್ದದ್ದಕ್ಕೆ, ಒಂದಕ್ಕೊಂದು.
‘ಆ ಕೋಲು ಈಗೆಲ್ಲಿ’ ಅಂದೆ.
‘ಒಲೆಗೆ ಹೋಯ್ತು,’ ಅಂದಳು, ‘ಕಾನೂನು ಬಂದ ವರ್ಷ.’

ಫೈಲಿನಲ್ಲಿ ಎರಡೇ ಚೌಕ:
ಅರ್ಥವಾಗಿದೆ. ಅರ್ಥವಾಗಿಲ್ಲ.
ಕರುಣಾಕರಣ್ಣನ ಪೆನ್ನು ಎರಡರ ನಡುವೆ
ಚಹಾ ಬರುವ ತನಕ ನಿಂತೇ ಇತ್ತು.

ರಾತ್ರಿ ಕರೆಂಟು ಬಂದ ಮೇಲೆ ದಿವಾನ ಬಂದ.
‘ಗೊತ್ತು ಅನ್ನೋದನ್ನ ತೆಗಿಯಕ್ಕ.
ಅದು ಸ್ಕೂಲಿನ ಗೊತ್ತು.
ಅವಳು ಹೇಳಿದಳಲ್ಲ, ಕೈಗೆ ಗೊತ್ತಾಗೋದು,
ಅದಕ್ಕೆ ನಮ್ಮಲ್ಲಿ ಬೇರೆ ಮಾತಿದೆ.’
ಹೇಳಿದ. ಟೈಪಿಸಿದೆ. ಕೆಳಗೊಂದು ಚುಕ್ಕೆ.
ಕಂಪ್ಯೂಟರು ಎಂದಿನಂತೆ ಇಡೀ ಪುಟಕ್ಕೆ
ಕೆಂಪು ಗೆರೆ ಎಳೆಯಿತು.

ಭಾನುವಾರ ಸಭೆಯಲ್ಲಿ ವರದಿ:
ಸ್ವೆಟರು ಅರವತ್ತೆರಡು, ಅಧ್ಯಾಯ ಒಂದು.
ನನ್ನನ್ನೂ ಎರಡು ಮಾತಾಡಿ ಅಂದರು.
ಗಂಟಲು ಕಟ್ಟಿದೆ ಅಂದುಬಿಟ್ಟೆ.

ಸೋಮವಾರ ಒಬ್ಬ ಹುಡುಗ ಬಂದ,
ಅಪ್ಪನ ಸಮಾರಾಧನೆಗೆ ಇನ್ನೂರು ಕಾರ್ಡು.
ಪ್ರೂಫ್ ತಿರುಗಿಸಿ ತಿರುಗಿಸಿ ನೋಡಿ ಕೇಳಿದ,
‘ಅಪ್ಪನ ಹೆಸರ ಕೆಳಗೆ ಇದೇನು ಚುಕ್ಕೆ?’
ನಾನಿಟ್ಟದ್ದು ನನಗೇ ಗೊತ್ತಿರಲಿಲ್ಲ.
ಬೆರಳಿಗೆ ಗೊತ್ತಿತ್ತು.
‘ತಪ್ಪಾಯ್ತು’ ಅಂದು ಅಳಿಸಿದೆ,
ದುಡ್ಡು ಎಣಿಸಿಕೊಂಡೆ.