ಓತಿಯ ಮನೆಗೆ ನೆಲ

ಗಾಜಿನ ಪೆಟ್ಟಿಗೆಯ ಜೊತೆಗೇ ಬಂದಿತ್ತು ಮರಳು,
ಐದು ಕಿಲೋ ಚೀಲ, ಮೇಲೆ ಮರುಭೂಮಿಯ ಚಿತ್ರ.
'ಇದರ ತವರಿನದೇ' ಅಂದಿದ್ದ ಮಾರಿದವನು.
ನಂಬಿದೆ. ಬ್ಲೈನೈ ಫೆಸ್ಟಿನಿಯೋಗಿನಲ್ಲಿ ಹುಟ್ಟಿದವಳಿಗೆ
ಮರುಭೂಮಿಯ ಬಗ್ಗೆ ಯಾರು ಏನು ಹೇಳಿದರೂ ನಿಜವೇ.

ಮ್ಯಾಕ್ಸೆನ್ ಹೆಸರಿಟ್ಟ: ಕ್ರೆಂಪೋಗ್.
ನಮ್ಮ ವೇಲ್ಸ್ ಮಾತಿನಲ್ಲಿ ದಪ್ಪ ದೋಸೆ.
ದೀಪದಡಿ ಹೊಟ್ಟೆ ಹರಡಿ ಮಲಗಿದರೆ
ಕಾವಲಿಗೆ ಹುಯ್ದ ಹಾಗೇ ಇರುತ್ತಿತ್ತು,
ಗಡ್ಡವೊಂದು ಬಿಟ್ಟು.

ಹನ್ನೊಂದನೇ ದಿನ ತಿನ್ನಲಿಲ್ಲ.
ಹದಿಮೂರನೇ ದಿನ ಹಿಂಗಾಲು ಎಳೆಯಿತು.
ಪೋರ್ಥ್‌ಮಾಡೋಗಿನ ಡಾಕ್ಟರಮ್ಮ
ಎಕ್ಸ್‌ರೇ ಹಾಳೆಯನ್ನು ಬೆಳಕಿಗೆ ಹಿಡಿದಳು:
ಕಪ್ಪು ಹೊಟ್ಟೆಯೊಳಗೆ ಬಿಳಿ ಮುದ್ದೆ.
'ಮಿಡತೆಗೆ ಬಾಯಿ ಹಾಕಿದಾಗೆಲ್ಲ
ಒಂದು ಚಿಟಿಕೆ ಮರಳೂ ಹೋಗಿದೆ ನೋಡಿ,
ಕರುಳು ದಾಟಿಸಲಾರದೆ ಕೂತಿದೆ.'

ಆ ಬಿಳುಪನ್ನು ಮೊದಲೇ ನೋಡಿದ್ದೆ ನಾನು.
ಬೇರೆ ಆಸ್ಪತ್ರೆ, ಬೇರೆ ಬೆಳಕು, ಅಪ್ಪನ ಎದೆ.
ಮೂವತ್ತೊಂದು ವರ್ಷ ಗಣಿಯ ಶೆಡ್ಡಿನಲ್ಲಿ ಸ್ಲೇಟು ಸೀಳಿ
ಚಿಟಿಕೆ ಚಿಟಿಕೆಯಾಗಿ ಮನೆಗೆ ತಂದುಕೊಂಡ ಧೂಳು.
ಸಂಬಳದ ಲಕೋಟೆ ಮೇಜಿನ ಮೇಲೆ ಇಡುತ್ತಿದ್ದ,
ಅದನ್ನು ಮಾತ್ರ ಇಡಲಿಲ್ಲ.

ಒಂಬತ್ತು ದಿನ ಔಷಧಿ, ಬೆಚ್ಚನೆ ನೀರು,
ಹೊಟ್ಟೆಯ ಮೇಲೆ ನನ್ನ ಹೆಬ್ಬೆರಳು ಮೆತ್ತಗೆ ಕೆಳಕ್ಕೆ, ಕೆಳಕ್ಕೆ.
ನೆಲಕ್ಕೆ ಹಳೆಯ ಪತ್ರಿಕೆ. ಚುನಾವಣೆಯ ಮೇಲೆ,
ಮರಣವಾರ್ತೆಯ ಮೇಲೆ ಮಲಗಿತು ಓತಿ.
ಹತ್ತನೇ ಬೆಳಿಗ್ಗೆ, ಕುರಿಬೆಲೆಯ ಪಟ್ಟಿಯ ಮೇಲೆ,
ಎಲ್ಲ ಹೊರಬಿತ್ತು.
ಮ್ಯಾಕ್ಸೆನ್ ಕುಣಿದ. ನಾನು ಅತ್ತೆ,
ಹೇಲು ಕಂಡು ಅತ್ತದ್ದು ಅದೊಂದೇ ಸಲ.

ಸರಿ, ಇನ್ನು ಮೇಲೆ ಏನು ಹಾಸುವುದು?
ಜಮಖಾನೆಯ ತುಂಡು ಹಾಸಿದೆ, ಎಳೆಗೆ ಉಗುರು ಸಿಕ್ಕಿ
ಒಂದು ರಾತ್ರಿಯಿಡೀ ಎಳೆದಾಡಿದೆ ಪಾಪ.
ಬಚ್ಚಲಿನ ಬಿಳಿ ಟೈಲು ಜಾರುತ್ತದೆ.
ಅಕ್ರೋಟಿನ ಸಿಪ್ಪೆಯ ಪುಡಿ ಒಳ್ಳೆಯದು ಅಂದಳು ಪಕ್ಕದ ಮನೆಯ ಲೊವ್ರಿ;
ಮರಳಿನ ದಾಯಾದಿ ಅದು, ಬೇಡ ಅಂದೆ.
ಅಂಟು ಹಚ್ಚಿದ ಯಾವುದೂ ಬೇಡ,
ದೀಪ ಕಾದರೆ ಅಂಟೂ ಉಸಿರು ಬಿಡುತ್ತದೆ.

ಅಪ್ಪ ಆಕ್ಸಿಜನ್ ನಳಿಗೆ ಸರಿಮಾಡಿಕೊಂಡು ಅಂದ:
'ಹಿತ್ತಿಲಲ್ಲಿ ಇದೆಯಲ್ಲ.'

ಕೆಡವಿದ ಪ್ರಾರ್ಥನಾಮಂದಿರದ ಮಾಡಿನ ಸ್ಲೇಟು,
ಪಾಚಿ ಹತ್ತಿ ಒರಗಿತ್ತು ಗೋಡೆಗೆ.
ಐದು ವರ್ಷದಿಂದ ಅತ್ತ ತಿರುಗಿ ನೋಡದವನು
ಬಾಗಿಲಲ್ಲಿ ಕುರ್ಚಿ ಹಾಕಿಸಿಕೊಂಡ.
'ಮೊದಲು ಒದ್ದೆ ಮಾಡು. ಮುಖಕ್ಕೆ ಬಟ್ಟೆ ಕಟ್ಟು.
ಹುಡುಗ ಒಳಗೆ ಹೋಗಲಿ.
ಮೊಳೆಯ ತೂತಿರುವ ತುದಿ ತೆಗೆ, ಮಿಡತೆ ಅಡಗೀತು.
ಅಂಚು ತಿಕ್ಕು. ಇನ್ನೂ. ನಿನ್ನ ಕೆನ್ನೆಗೆ ಉಜ್ಜಿ ನೋಡು.'
ಉಜ್ಜಿದೆ. ಗೀರಿತು. ಮತ್ತೆ ತಿಕ್ಕಿದೆ.
ಇಷ್ಟು ಮಾತು ಅವನು ಆಡಿದ್ದು
ಅಮ್ಮ ಹೋದ ಮೇಲೆ ಅದೇ ಮೊದಲು.

ಮೂರು ಹಲಗೆ, ನಡುವೆ ಕೂದಲು ತೂರದ ಹಾಗೆ.
ಓತಿಗೆ ಬೇಲಿ ಸಾಕ್ಷಿ ಅಂತಾರೆ; ಈ ಓತಿಗೆ ನಾವು ಮೂವರು.
ಕಾಲಿಟ್ಟಿತು. ನಿಂತಿತು. ನಡೆಯಿತು:
ಬಳಪದ ಸದ್ದು, ಕೀರ್ ಕೀರ್,
ಅಕ್ಷರ ಕಲಿಯುವವರ ಹಾಗೆ.

ಸಂಜೆ ಅದು ಮೂಲೆಗೆ ಸರಿದಾಗ
ಅಪ್ಪ ಗಾಜು ಸರಿಸಿ, ದೀಪದಡಿಯ ಕಲ್ಲಿನ ಮೇಲೆ ಅಂಗೈ ಊರಿದ.
ತೆಗೆಯಲಿಲ್ಲ. ಸುಟ್ಟೀತು ಅಂದೆ.
'ಮೂವತ್ತೊಂದು ವರ್ಷ ಮುಟ್ಟಿದೆ ಕಣೇ ಹೆಲೆಥ್,
ಇದು ಬೆಚ್ಚಗೂ ಇರುತ್ತೆ ಅಂತ ಗೊತ್ತಿರಲಿಲ್ಲ.'

ಕ್ರೆಂಪೋಗ್ ಬಂದು ಅವನ ಹೆಬ್ಬೆರಳು ನೆಕ್ಕಿ ನೋಡಿತು.
ಆಮೇಲೆ ಹೊಸ ನೆಲದ ಮೇಲೆ ಹೇತಿತು.
ಪರವಾಗಿಲ್ಲ. ವಿನೆಗರಿನ ನೀರು, ಒಂದು ಬಟ್ಟೆ,
ಸ್ಲೇಟಲ್ಲವೆ, ಒರೆಸಿದರೆ ಹೋಗುತ್ತದೆ.